ಸುವಾರ್ತೆಯ ಘಟನೆಯೊಳಗೆ ಹೋಗಿ ನಿಲ್ಲುವುದು: ಕಲ್ಪನೆಯ ಧ್ಯಾನ ಮತ್ತು ಪ್ರಾರ್ಥನೆಯ ನೋಟ್‌ಬುಕ್

ಮಾರ್ಕನ ಸುವಾರ್ತೆಯಲ್ಲಿ ಕುರುಡ ಬಾರ್ತಿಮಾಯನ ಪ್ರಸಂಗ ಏಳೇ ವಚನಗಳದ್ದು. ಒಂದು ನಿಮಿಷದಲ್ಲಿ ಓದಿ ಮುಗಿಸಬಹುದು. ಚಿಕ್ಕಂದಿನಿಂದ ಕೇಳಿದವರಿಗಂತೂ ಮೊದಲ ಸಾಲು ಓದುವಷ್ಟರಲ್ಲೇ ಕೊನೆಯ ಸಾಲು ನೆನಪಾಗಿರುತ್ತದೆ. ಕುರುಡನಿಗೆ ಕಣ್ಣು ಬಂತು, ಅವನ ನಂಬಿಕೆ ದೊಡ್ಡದು, ಆಮೆನ್. ಹೀಗೆ ಓದಿದ್ದು ತಲೆಯಲ್ಲೇ ಉಳಿಯುತ್ತದೆ, ಎದೆಗೆ ಇಳಿಯುವುದಿಲ್ಲ. ಈ ಅವಸರವನ್ನು ತಡೆಯುವ ಹಳೆಯ ದಾರಿಯೇ ಕಲ್ಪನೆಯ ಧ್ಯಾನ. ಘಟನೆ ನಡೆದ ಜಾಗಕ್ಕೆ ಮನಸ್ಸಿನಲ್ಲೇ ಹೋಗಿ ನಿಲ್ಲುವುದು, ಅಲ್ಲಿ ಯೇಸುಸ್ವಾಮಿಯನ್ನು ನೋಡುವುದು, ಅವರ ಮಾತು ಕೇಳುವುದು, ಕೊನೆಗೆ ನಮ್ಮ ಬಾಯಿಬಿಟ್ಟು ಅವರೊಡನೆ ಮಾತಾಡುವುದು.

ಇದು ಈಚೆಗೆ ಹುಟ್ಟಿದ ಪದ್ಧತಿಯಲ್ಲ. 12ನೇ ಶತಮಾನದಲ್ಲಿ ಇಂಗ್ಲೆಂಡಿನ ರೀವೋ ಮಠದ ಮುಖ್ಯಸ್ಥ ಏಲ್ರೆಡ್ ಏಕಾಂತವಾಸಿಯಾಗಿದ್ದ ತನ್ನ ಸಹೋದರಿಗೆ ಸುವಾರ್ತೆಯ ಘಟನೆಗಳೊಳಗೆ ನಿಂತು ಪ್ರಾರ್ಥಿಸುವುದನ್ನು ಬರೆದು ಕಲಿಸಿದರು. ಇದಕ್ಕೆ ಸ್ಪಷ್ಟ ಕ್ರಮ ಕೊಟ್ಟವರು ಮುಂದೆ ಯೇಸುಸಭೆಯನ್ನು (ಜೆಸ್ವಿಟ್ ಸಂಘ) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ, ಅವರಿಗೆ ಓದಲು ಸಿಕ್ಕಿದ್ದು ಕ್ರಿಸ್ತನ ಜೀವನದ ಒಂದು ಗ್ರಂಥ ಮತ್ತು ಸಂತರ ಚರಿತ್ರೆ. ಓದುತ್ತಲೇ ಅವರು ಬರೆಯತೊಡಗಿದರು: ಕ್ರಿಸ್ತನ ಮಾತುಗಳು ಕೆಂಪು ಶಾಯಿಯಲ್ಲಿ, ಮಾತೆ ಮರಿಯಳ ಮಾತುಗಳು ನೀಲಿಯಲ್ಲಿ, ಸುಮಾರು 300 ಪುಟ. ಮುಂದೆ ಅವರು ರೂಪಿಸಿದ ‘ಆಧ್ಯಾತ್ಮಿಕ ಸಾಧನೆಗಳು’ 1548ರಲ್ಲಿ ಮೂರನೇ ಪೌಲ್ ಪೋಪರ ಒಪ್ಪಿಗೆ ಪಡೆದು ಅಚ್ಚಾಯಿತು. ಧ್ಯಾನವೂ ಲೇಖನಿಯೂ ಈ ಪರಂಪರೆಯಲ್ಲಿ ಆರಂಭದಿಂದಲೇ ಜೊತೆಗಿವೆ. ಯಾವ ಸಭೆಗೆ ಸೇರಿದವರಾದರೂ ಇದನ್ನು ಮಾಡಬಹುದು. ಬೇಕಾಗುವುದು ಒಂದು ಬೈಬಲ್, ಒಂದು ನೋಟ್‌ಬುಕ್, ದಿನಕ್ಕೆ ಮುಕ್ಕಾಲು ಗಂಟೆ.

ವೇದಭಾಗವನ್ನು ಆರಿಸುವಾಗ

ಮೊದಮೊದಲು ಬೋಧನೆಯ ಭಾಗಗಳನ್ನು ಬಿಟ್ಟು ಘಟನೆಗಳನ್ನೇ ತೆಗೆದುಕೊಳ್ಳಿ. ಪರ್ವತ ಪ್ರಸಂಗದ ಮೇಲೆ ಧ್ಯಾನ ಮಾಡಲು ಬೇರೆ ದಾರಿಗಳಿವೆ. ಇಲ್ಲಿ ನಮಗೆ ಜಾಗ ಬೇಕು, ಜನ ಬೇಕು, ಯೇಸು ಯಾರನ್ನೋ ಎದುರಾಗುವ ಕ್ಷಣ ಬೇಕು. ಏಳರಿಂದ ಹದಿನೈದು ವಚನ ಸಾಕು. ಉದ್ದವಾದಷ್ಟೂ ಮನಸ್ಸು ಕಥೆಯ ಹಿಂದೆ ಓಡುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ.

ಒಂದು ಸಲಕ್ಕೆ ಒಂದೇ ಸುವಾರ್ತೆ. ಬಾರ್ತಿಮಾಯನ ಪ್ರಸಂಗವನ್ನೇ ನೋಡಿ: ಮಾರ್ಕನಲ್ಲಿ ಯೇಸು ಯೆರಿಕೋ ಪಟ್ಟಣದಿಂದ ಹೊರಡುತ್ತಿದ್ದಾರೆ, ಕುರುಡ ಒಬ್ಬನೇ. ಮತ್ತಾಯನಲ್ಲಿ ಇಬ್ಬರು ಕುರುಡರು. ಲೂಕನಲ್ಲಿ ಯೇಸು ಪಟ್ಟಣದ ಹತ್ತಿರಕ್ಕೆ ಬರುತ್ತಿದ್ದಾರೆ. ಮೂರನ್ನೂ ಬೆರೆಸಲು ಹೊರಟರೆ ಪ್ರಾರ್ಥನೆಯ ಸಮಯವೆಲ್ಲ ಹೋಲಿಕೆಯಲ್ಲೇ ಕಳೆಯುತ್ತದೆ.

ಮೊದಲ ಎರಡು ತಿಂಗಳಿಗೆ ಒಳ್ಳೆಯ ಅನುಕ್ರಮ ಇದು: ಮಾರ್ಕ 10:46-52 (ಬಾರ್ತಿಮಾಯ), ಲೂಕ 19:1-10 (ಜಕ್ಕಾಯ), ಮಾರ್ಕ 4:35-41 (ಬಿರುಗಾಳಿ), ಲೂಕ 10:38-42 (ಮಾರ್ಥ ಮತ್ತು ಮರಿಯ), ಮಾರ್ಕ 2:1-12 (ಪಾರ್ಶ್ವವಾಯು ರೋಗಿ), ಯೋಹಾನ 13:1-15 (ಪಾದ ತೊಳೆಯುವುದು), ಯೋಹಾನ 21:1-17 (ಸಮುದ್ರ ತೀರ), ಲೂಕ 24:13-35 (ಎಮ್ಮಾವು ದಾರಿ). ಕೊನೆಯ ಎರಡು ತುಸು ಉದ್ದ, ಎರಡು ಭಾಗ ಮಾಡಿಕೊಳ್ಳಿ. ಶಿಲುಬೆಯ ಯಾತನೆಯ ಭಾಗಗಳಿಂದ ಆರಂಭಿಸಬೇಡಿ. ಅಲ್ಲಿಗೆ ಹೋಗುವ ಮೊದಲು ಯೇಸುವಿನ ಜೊತೆ ಸಾಕಷ್ಟು ದೂರ ನಡೆದಿರಬೇಕು.

ಕೂರುವ ಮುನ್ನ

ಹಿಂದಿನ ರಾತ್ರಿಯೇ ವೇದಭಾಗವನ್ನು ಒಮ್ಮೆ ಓದಿ ಮಲಗಿ. ಸ್ಥಳದ ಬಗ್ಗೆ ತಿಳಿಯಬೇಕಾದದ್ದೇನಾದರೂ ಇದ್ದರೆ ಆಗಲೇ ನೋಡಿಕೊಳ್ಳಿ, ಧ್ಯಾನದ ಹೊತ್ತಿಗೆ ಉಳಿಸಬೇಡಿ. ಹೆಚ್ಚು ಬೇಡ, ಒಂದೆರಡು ವಿವರ ಸಾಕು. ಯೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಅಲ್ಲಿಂದ ಯೆರೂಸಲೇಮಿಗೆ 25 ಕಿಲೋಮೀಟರಿನಷ್ಟು ಒಣ ಬೆಟ್ಟಗಳ ಏರುದಾರಿ. ಬಿರುಗಾಳಿಯ ಪ್ರಸಂಗಕ್ಕೆ ದೋಣಿಯ ಅಳತೆ ಗೊತ್ತಿದ್ದರೆ ಸಹಾಯವಾಗುತ್ತದೆ: 1986ರಲ್ಲಿ ಗಲಿಲಾಯ ಸರೋವರದ ಕೆಸರಿನಲ್ಲಿ ಸಿಕ್ಕ ಯೇಸುವಿನ ಕಾಲದ ಮೀನುಗಾರಿಕೆ ದೋಣಿ ಸುಮಾರು 8 ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲ. ಅಷ್ಟು ಇಕ್ಕಟ್ಟಿನಲ್ಲಿ ಹತ್ತಾರು ಜನ, ಹಿಂಭಾಗದಲ್ಲಿ ತಲೆದಿಂಬಿಟ್ಟು ಮಲಗಿರುವ ಯೇಸು. ದಿಂಬಿನ ವಿವರ ಕೊಡುವವನು ಮಾರ್ಕನೊಬ್ಬನೇ.

ದಿನವೂ ಒಂದೇ ಜಾಗ, ಆದಷ್ಟೂ ಒಂದೇ ಹೊತ್ತು. ಫೋನನ್ನು ಬೇರೆ ಕೋಣೆಯಲ್ಲಿಡಿ. ಸಮಯ ನೋಡಲು ಸಾದಾ ಗಡಿಯಾರ ಸಾಕು. ಬೆನ್ನು ನೆಟ್ಟಗಿರಲಿ, ಆದರೆ ಬಿಗಿಯಬೇಡಿ. ಮೊಣಕಾಲೂರಿ ಮನಸ್ಸು ನಿಲ್ಲುವುದಾದರೆ ಮೊಣಕಾಲೂರಿ, ಕೂತರೆ ನಿಲ್ಲುವುದಾದರೆ ಕೂರಿ. ಒಮ್ಮೆ ನಿಂತ ಮೇಲೆ ಭಂಗಿ ಬದಲಿಸುತ್ತ ಹೋಗಬೇಡಿ, ಇದು ಇಗ್ನೇಷಿಯಸರದೇ ಸಲಹೆ.

ಸಮಯದ ಹಂಚಿಕೆ ಸುಮಾರಾಗಿ ಹೀಗಿರಲಿ: ಸಿದ್ಧತೆ ಐದು ನಿಮಿಷ, ಘಟನೆಯೊಳಗೆ ಹದಿನೈದರಿಂದ ಇಪ್ಪತ್ತು, ಮಾತುಕತೆ ಐದು, ಬರವಣಿಗೆ ಹತ್ತರಿಂದ ಹದಿನೈದು.

ಸಿದ್ಧತೆಯಲ್ಲಿ ಎರಡೇ ಕೆಲಸ. ಮೊದಲನೆಯದು, ದೇವರು ನನ್ನನ್ನು ನೋಡುತ್ತಿದ್ದಾರೆ ಎಂಬ ಅರಿವಿನಲ್ಲಿ ಒಂದಿಷ್ಟು ಹೊತ್ತು ಸುಮ್ಮನಿರುವುದು. ಎರಡನೆಯದು, ಇಂದು ನನಗೆ ಏನು ಬೇಕು ಎಂದು ಕೇಳಿಕೊಳ್ಳುವುದು. “ಆಶೀರ್ವದಿಸು ಪ್ರಭುವೇ” ಎಂಬಷ್ಟು ಸಡಿಲವಾಗಿ ಕೇಳಬೇಡಿ. “ನಿನ್ನನ್ನು ಇನ್ನೂ ಹತ್ತಿರದಿಂದ ಅರಿಯಬೇಕು”, “ನನ್ನ ಭಯ ಎಲ್ಲಿದೆ ಎಂದು ನನಗೇ ಕಾಣಬೇಕು” ಎಂಬಂಥ ಒಂದು ಖಚಿತ ಬೇಡಿಕೆ ಇರಲಿ. ಈ ಹಂತವನ್ನು ಬಿಟ್ಟರೆ ಉಳಿದದ್ದೆಲ್ಲ ಹಗಲುಗನಸಾಗುವ ಅಪಾಯವಿದೆ. ಕಲ್ಪನೆಯನ್ನು ಪ್ರಾರ್ಥನೆಯಾಗಿಸುವುದು ಈ ಬೇಡಿಕೆಯೇ.

ಬಾರ್ತಿಮಾಯನ ಜೊತೆ ಒಂದು ಧ್ಯಾನ

ವೇದಭಾಗವನ್ನು ನಿಧಾನವಾಗಿ ಎರಡು ಸಲ ಓದಿ. ಎರಡನೇ ಸಲ ಸಾಧ್ಯವಾದರೆ ಗಟ್ಟಿಯಾಗಿ. ಬೈಬಲ್ ಮುಚ್ಚಿ, ಆದರೆ ದೂರವಿಡಬೇಡಿ.

ಮೊದಲು ಜಾಗ. ಬಾರ್ತಿಮಾಯನಿಗೆ ಕಣ್ಣಿಲ್ಲದ ಕಾರಣ ಇಲ್ಲಿ ಕಿವಿಯಿಂದ ಆರಂಭಿಸುವುದೇ ಸರಿ. ದಾರಿಯ ಬದಿಯಲ್ಲಿ ಕೂತಿದ್ದೀರಿ. ಜನರ ಗುಂಪು ಹತ್ತಿರ ಬರುವ ಸದ್ದು. ಕಾಲುಗಳು ಎಬ್ಬಿಸುವ ಧೂಳು ಮೂಗಿಗೆ, ನಾಲಿಗೆಗೆ. ಕೆಳಗಿನ ನೆಲದ ಬಿಸಿ. ಮೈಮೇಲಿನ ಹೊದಿಕೆಯ ಒರಟು. ಎಲ್ಲ ಇಂದ್ರಿಯಗಳನ್ನೂ ಸಾಲಾಗಿ ತುಂಬಿಸಬೇಕೆಂದಿಲ್ಲ. ಒಂದು ಗಟ್ಟಿಯಾಗಿ ಸಿಕ್ಕರೆ ಸಾಕು, ಬಾಗಿಲು ತೆರೆಯುತ್ತದೆ.

ಆಮೇಲೆ ನಿಮ್ಮ ಸ್ಥಾನ. ನೀವು ಯಾರು? ಬಾರ್ತಿಮಾಯನೇ? ಅವನ ಪಕ್ಕದಲ್ಲಿ ಕೂತ ಇನ್ನೊಬ್ಬ ಭಿಕ್ಷುಕರೇ? “ಸುಮ್ಮನಿರು” ಎಂದು ಗದರಿಸುವವರಲ್ಲಿ ಒಬ್ಬರೇ? ಶಿಷ್ಯರ ಗುಂಪಿನಲ್ಲಿದ್ದೀರೇ? ಮುಂಚಿತವಾಗಿ ನಿರ್ಧರಿಸಬೇಡಿ, ಎಲ್ಲಿ ನಿಂತಿದ್ದೀರಿ ಎಂದು ಗಮನಿಸಿ. ಗದರಿಸುವವರ ನಡುವೆ ನಿಮ್ಮನ್ನೇ ಕಂಡರೆ ಗಾಬರಿಯಿಂದ ಜಾಗ ಬದಲಿಸಬೇಡಿ. ಅಂದಿನ ಪ್ರಾರ್ಥನೆ ಅಲ್ಲೇ ಇರಬಹುದು. ಕ್ರಿಸ್ತಜನನದ ಧ್ಯಾನದಲ್ಲಿ ಇಗ್ನೇಷಿಯಸ್ ತಮ್ಮನ್ನು ಆ ಮನೆಯವರ ಬಡ ಸೇವಕನಾಗಿ ಭಾವಿಸಿಕೊಳ್ಳುವಂತೆ ಹೇಳುತ್ತಾರೆ. ಗೊತ್ತೇ ಆಗದಿದ್ದಾಗ ಅಂಥ ಚಿಕ್ಕ ಪಾತ್ರ ಒಳ್ಳೆಯ ಆಸರೆ.

ಘಟನೆಯನ್ನು ನಡೆಯಲು ಬಿಡಿ. ಕೂಗು, ಗದರಿಕೆ, ಮತ್ತೂ ಜೋರಾದ ಕೂಗು. ನಂತರ ಮಾರ್ಕ ಒಂದು ಚಿಕ್ಕ ಮಾತು ಬರೆಯುತ್ತಾನೆ: ಯೇಸು ನಿಂತರು. ಅಷ್ಟು ದೊಡ್ಡ ಗುಂಪು, ಅಷ್ಟು ದೂರದ ದಾರಿ, ಮುಂದೆ ಯೆರೂಸಲೇಮು, ಆದರೂ ಒಬ್ಬನ ಕೂಗಿಗೆ ನಿಂತರು. ಇಲ್ಲಿ ಬೇಕಾದಷ್ಟು ಹೊತ್ತು ಇರಿ. ಯಾವುದಾದರೂ ಒಂದು ಕಡೆ ಎದೆ ಮಿಡಿದರೆ ಅಲ್ಲಿಂದ ಮುಂದೆ ಹೋಗುವ ಆತುರ ಬೇಡ. ಏಳು ವಚನ ಮುಗಿಸಲೇಬೇಕೆಂಬ ನಿಯಮವಿಲ್ಲ. ಮೂರನೆಯದರಲ್ಲೇ ಹೊತ್ತು ಕಳೆದರೆ ಅದು ಸಫಲ ಧ್ಯಾನ.

ಮುಂದೆ ಹೋದರೆ ಬಾರ್ತಿಮಾಯ ಹೊದಿಕೆಯನ್ನು ಬಿಸಾಡಿ ಏಳುತ್ತಾನೆ. ಭಿಕ್ಷುಕನೊಬ್ಬನಿಗೆ ಅದೇ ಹಾಸಿಗೆ, ಅದೇ ಚಳಿಗೆ ರಕ್ಷೆ ಆಗಿದ್ದಿರಬಹುದು. ನಿಮ್ಮ ಕೈಯಲ್ಲಿ ಏನಿದೆ, ಅದನ್ನು ಬಿಡಲು ಆಗುತ್ತದೆಯೇ ಎಂದು ನೋಡಿ. ಬಳಿಕ ಆ ಪ್ರಶ್ನೆ: ನಾನು ನಿನಗೆ ಏನು ಮಾಡಬೇಕು? ಇದೇ ಅಧ್ಯಾಯದ 36ನೇ ವಚನದಲ್ಲಿ ಯಾಕೋಬ ಮತ್ತು ಯೋಹಾನರಿಗೂ ಯೇಸು ಇದೇ ಪ್ರಶ್ನೆ ಕೇಳಿದ್ದರು. ಅವರು ಎಡಬಲದ ಆಸನಗಳನ್ನು ಕೇಳಿದರು, ಕುರುಡ ಕಣ್ಣು ಕೇಳಿದ. ಈಗ ಯೇಸು ನಿಮ್ಮತ್ತ ತಿರುಗಿ ಅದನ್ನೇ ಕೇಳಲಿ. ಭಕ್ತಿಯ ಉತ್ತರವನ್ನು ಹುಡುಕಬೇಡಿ, ಬಾಯಿಗೆ ಮೊದಲು ಬಂದ ನಿಜವನ್ನೇ ಹೇಳಿ.

ಮಾತುಕತೆ

ಕೊನೆಯ ಐದು ನಿಮಿಷ ಘಟನೆಯನ್ನು ಬಿಟ್ಟು ನೇರವಾಗಿ ಮಾತಿಗಿಳಿಯಿರಿ. ಸ್ನೇಹಿತ ಸ್ನೇಹಿತನೊಡನೆ ಆಡುವ ಹಾಗೆ ಎನ್ನುತ್ತಾರೆ ಇಗ್ನೇಷಿಯಸ್. ಸಭೆಯಲ್ಲಿ ಬಳಸುವ ಭಾರವಾದ ಭಾಷೆ ಬೇಕಿಲ್ಲ, ಮನೆಯಲ್ಲಿ ಆಡುವ ಭಾಷೆಯೇ ಸಾಕು. ತಪ್ಪೊಪ್ಪಿಗೆ, ಕೇಳಿಕೆ, ದೂರು, ಕೃತಜ್ಞತೆ, ಯಾವುದಾದರೂ ಸರಿ. ಹೇಳಿದ ಮೇಲೆ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಲು ಸುಮ್ಮನಿರಿ. ಏನೂ ಕೇಳಿಸದಿರುವುದು ಸಾಮಾನ್ಯ. ಉತ್ತರವನ್ನು ನೀವೇ ಕಟ್ಟಬೇಡಿ. ಕರ್ತರ ಪ್ರಾರ್ಥನೆಯಿಂದ ಮುಗಿಸಿ.

ನೋಟ್‌ಬುಕ್

ಧ್ಯಾನದ ನಡುವೆ ಬರೆಯಬೇಡಿ. ಬಹಳಷ್ಟು ಜನ ಮಾಡುವ ತಪ್ಪು ಇದೇ. ಕೈಯಲ್ಲಿ ಪೆನ್ನಿದ್ದರೆ ಮನಸ್ಸು ಅನುಭವದಿಂದ ಹೊರಬಂದು ವಾಕ್ಯ ಕಟ್ಟುತ್ತ ಕೂರುತ್ತದೆ. ಮರೆತುಹೋದೀತೆಂಬ ಭಯ ಬೇಡ, ಮುಖ್ಯವಾದದ್ದು ಉಳಿದೇ ಉಳಿಯುತ್ತದೆ. ಪ್ರಾರ್ಥನೆ ಮುಗಿಸಿ, ಎದ್ದು, ಜಾಗ ಬದಲಿಸಿ, ಆಮೇಲೆ ಬರೆಯಿರಿ. ಇಗ್ನೇಷಿಯಸ್ ಪ್ರಾರ್ಥನೆಯ ನಂತರ ಕಾಲು ಗಂಟೆ ಕೂತೋ ಅಡ್ಡಾಡುತ್ತಲೋ ಅದು ಹೇಗೆ ನಡೆಯಿತು ಎಂದು ಹಿಂದಿರುಗಿ ನೋಡಲು ಹೇಳಿದ್ದರು. ಆ ಕಾಲು ಗಂಟೆಯೇ ನಮ್ಮ ಬರವಣಿಗೆಯ ಸಮಯ.

ಸಾದಾ ಗೆರೆಯ ನೋಟ್‌ಬುಕ್ ಒಳ್ಳೆಯದು. ಅಂದವಾದ ಡೈರಿ ತೆಗೆದುಕೊಂಡರೆ ಅಂದವಾಗಿ ಬರೆಯಬೇಕೆಂಬ ಒತ್ತಡ ಹುಟ್ಟುತ್ತದೆ. ಬಲಪುಟದಲ್ಲಿ ಮಾತ್ರ ಬರೆದು ಎಡಪುಟವನ್ನು ಖಾಲಿ ಬಿಡಿ, ಅದರ ಉಪಯೋಗ ಮುಂದೆ ಬರುತ್ತದೆ. ಮೇಲೆ ತಾರೀಖು, ವೇದಭಾಗ, ಎಷ್ಟು ಹೊತ್ತು ಕೂತಿರಿ, ಏನು ಬೇಡಿದಿರಿ. ಆಮೇಲೆ, ಒಂದು ಪುಟ ಮೀರದಂತೆ, ಈ ವಿಷಯಗಳು:

ನಾನು ಎಲ್ಲಿ, ಯಾರಾಗಿ ನಿಂತಿದ್ದೆ. ಯಾವ ಕ್ಷಣದಲ್ಲಿ ಮನಸ್ಸು ಕರಗಿತು, ಯಾವ ಕ್ಷಣದಲ್ಲಿ ಗಟ್ಟಿಯಾಯಿತು, ಎಲ್ಲಿ ಓಡಿಹೋಗಬೇಕೆನಿಸಿತು. ಯೇಸುವಿನ ಮುಖ, ಧ್ವನಿ ಹೇಗಿತ್ತು. ಕಾಣಲೇ ಇಲ್ಲವಾದರೆ ಅದನ್ನೂ. ನಾನು ಹೇಳಿದ್ದೇನು. ಇಂದಿನ ದಿನಕ್ಕೆ ಏನಾದರೂ ಒಂದು ಕರೆ ಇದೆಯೇ.

ಇವುಗಳಲ್ಲಿ ಎರಡನೆಯದೇ ಎಲ್ಲಕ್ಕಿಂತ ಮುಖ್ಯ. ದೃಶ್ಯದ ವರ್ಣನೆಯಲ್ಲಿ ಪುಟ ತುಂಬಿಸಿ ಭಾವದ ಚಲನೆಯನ್ನು ಬಿಟ್ಟುಬಿಟ್ಟರೆ ಒಂದು ತಿಂಗಳ ನಂತರ ಓದಿದಾಗ ಏನೂ ಸಿಗುವುದಿಲ್ಲ. “ಧೂಳು, ಬಿಸಿಲು, ಜನ” ಎಂದು ಹತ್ತು ಸಾಲು ಬರೆಯುವುದಕ್ಕಿಂತ “ಯೇಸು ನಿಂತಾಗ ಸಂತೋಷದ ಬದಲು ಭಯವಾಯಿತು, ಏಕೆಂದು ಗೊತ್ತಿಲ್ಲ” ಎಂಬ ಒಂದು ಸಾಲು ಬೆಲೆಯುಳ್ಳದ್ದು. ಬರೆಯಲು ಕಷ್ಟವಾದರೆ ಯೇಸುವಿಗೇ ಪತ್ರದಂತೆ ಬರೆಯಿರಿ. ಆಗ ಬರವಣಿಗೆ ತಾನಾಗಿ ಪ್ರಾರ್ಥನೆಯ ಕಡೆ ಹೊರಳುತ್ತದೆ. ಬರೆಯುವ ಕೈ ಸಾಲದವರು ನಾಲ್ಕೇ ಪದ ಹಾಕಿದರೂ ಆಯಿತು. ಇಗ್ನೇಷಿಯಸರ ಆತ್ಮಿಕ ದಿನಚರಿಯ ಉಳಿದ ಭಾಗ 1544-45ರದು. ಅದರ ಕೊನೆಯ ಪುಟಗಳಲ್ಲಿ ಅನೇಕ ದಿನಗಳ ದಾಖಲೆ, ಕಣ್ಣೀರು ಬಂತೇ ಇಲ್ಲವೇ ಎಂಬ ಸಂಕೇತ ಮಾತ್ರ.

ಒಂದು ಎಚ್ಚರಿಕೆ. “ದೇವರು ನನಗೆ ಹೀಗೆ ಹೇಳಿದರು” ಎಂದು ಬರೆಯಬೇಡಿ, “ಹೀಗೆ ಹೇಳಿದಂತೆ ಅನಿಸಿತು” ಎಂದು ಬರೆಯಿರಿ. ಸುವಾರ್ತೆಯ ಮಾತು ದೇವರ ವಾಕ್ಯ. ನಮ್ಮ ಕಲ್ಪನೆಯಲ್ಲಿ ಬಂದದ್ದು ಪರೀಕ್ಷೆಗೆ ಒಳಪಡಬೇಕಾದದ್ದು. ಈ ಗಡಿಯನ್ನು ನೋಟ್‌ಬುಕ್‌ನಲ್ಲೇ ಕಾಪಾಡಿದರೆ ಮುಂದೆ ಗೊಂದಲವಿರುವುದಿಲ್ಲ. ಇತರರ ಗುಟ್ಟುಗಳು ಬಂದರೆ ಹೆಸರು ಹಾಕಬೇಡಿ, ಪುಸ್ತಕವನ್ನು ಬೇರೆಯವರ ಕಣ್ಣಿಗೆ ಬೀಳದ ಕಡೆ ಇಡಿ. ಯಾರಾದರೂ ಓದಿಯಾರು ಎಂಬ ಅಳುಕಿದ್ದರೆ ನಿಜ ಬರೆಯಲು ಆಗುವುದಿಲ್ಲ.

ಎಲ್ಲಿ ಎಡವುತ್ತೇವೆ

ಚಿತ್ರವೇ ಬರುವುದಿಲ್ಲ ಎಂಬುದು ಮೊದಲ ದೂರು. ಕೆಲವರ ಮನಸ್ಸಿನಲ್ಲಿ ಚಿತ್ರಗಳು ಮೂಡುವುದೇ ಇಲ್ಲ, ಅದು ಭಕ್ತಿಯ ಕೊರತೆಯಲ್ಲ. ಅಂಥವರು ಮಾತನ್ನು ಹಿಡಿಯಲಿ: ಪಕ್ಕದಲ್ಲಿ ನಿಂತವರು ಏನು ಹೇಳುತ್ತಿದ್ದಾರೆ, ಬಾರ್ತಿಮಾಯ ನನಗೆ ಏನು ಹೇಳಿಯಾನು, ನಾನು ಅವನಿಗೆ ಏನು ಕೇಳಲಿ. ಯೇಸು ಅಲ್ಲಿದ್ದಾರೆ ಎಂಬ ಅರಿವೊಂದೇ ಸಾಕು, ಮುಖ ಕಾಣಲೇಬೇಕಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಕಲ್ಪನೆ ಚುರುಕಾಗಿರುವವರು ದೃಶ್ಯ ಕಟ್ಟುವುದರಲ್ಲೇ ಮುಳುಗುತ್ತಾರೆ. ಗೋಡೆಯ ಬಣ್ಣ, ಬಟ್ಟೆಯ ನೇಯ್ಗೆ, ಪೇಟೆಯ ಅಂಗಡಿಗಳು. ಹದಿನೈದು ನಿಮಿಷವಾದರೂ ಯೇಸು ಬಂದಿರುವುದಿಲ್ಲ. ಗುರುತು ಹಿಡಿಯುವುದು ಸುಲಭ: ನೀವು ಯೇಸುವನ್ನು ನೋಡುತ್ತಿದ್ದೀರೋ, ದೃಶ್ಯವನ್ನೋ? ಎರಡನೆಯದಾದರೆ ಬೈಬಲ್ ತೆರೆದು ಒಂದು ವಚನ ಓದಿ, ಅವರ ಮಾತಿನಿಂದ ಮತ್ತೆ ಆರಂಭಿಸಿ.

ಉಪದೇಶಕ್ಕೆ ಹಾರುವುದು ಪ್ರಸಂಗ ಮಾಡುವವರ, ಭಾನುವಾರದ ಶಾಲೆ ನಡೆಸುವವರ ಕಷ್ಟ. ಮೂರನೇ ನಿಮಿಷಕ್ಕೆ “ಇದರಿಂದ ನಾವು ಕಲಿಯಬೇಕಾದ ಪಾಠ” ಸಿದ್ಧ. ಪಾಠ ಬಂದಾಗ ಅದನ್ನು ತಳ್ಳಿಹಾಕಬೇಡಿ, “ಆಮೇಲೆ” ಎಂದು ಬದಿಗಿಡಿ. ಬರೆಯುವಾಗ ಅದಕ್ಕೂ ಜಾಗವಿದೆ.

ಅಲೆಯುವ ಮನಸ್ಸನ್ನು ಬೈಯುತ್ತ ಕೂತರೆ ಅಲೆದಾಟ ಹೆಚ್ಚುತ್ತದೆ. ಒಂದು ವಚನಕ್ಕೆ ಮೆಲ್ಲನೆ ಮರಳಿ. ಒಂದೇ ಚಿಂತೆ ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಹೊರಗಟ್ಟಬೇಡಿ. ಆ ಸಾಲ, ಆ ಜಗಳ, ಆ ರೋಗವನ್ನು ಹಿಡಿದುಕೊಂಡೇ ಯೆರಿಕೋದ ದಾರಿಬದಿಯಲ್ಲಿ ಕೂರಿ. ನಿದ್ದೆ ಬರುತ್ತಿದ್ದರೆ ಹೊತ್ತು ಬದಲಿಸಿ ಅಥವಾ ನಿಂತು ಪ್ರಾರ್ಥಿಸಿ.

ಕಲ್ಪನೆಯ ಯೇಸು ಯಾವಾಗಲೂ ಕೋಪದಿಂದಲೇ ನೋಡಿದರೆ, ಅಥವಾ ನನಗೆ ಇಷ್ಟವಾದದ್ದನ್ನೇ ಯಾವಾಗಲೂ ಹೇಳಿದರೆ, ಎರಡೂ ಕಡೆ ಏನೋ ಸರಿಯಿಲ್ಲ. ಮೊದಲನೆಯದರಲ್ಲಿ ನಮ್ಮ ಬದುಕಿನ ಯಾವುದೋ ಕಠಿಣ ವ್ಯಕ್ತಿಯ ಮುಖ ಅಲ್ಲಿ ಬಂದು ಕೂತಿರಬಹುದು, ಎರಡನೆಯದರಲ್ಲಿ ನಮ್ಮದೇ ಮುಖ. ಪರಿಹಾರ ಒಂದೇ: ವಚನಕ್ಕೆ ಮರಳಿ, ಅಲ್ಲಿ ಬರೆದಿರುವ ಯೇಸು ಏನು ಮಾಡಿದರು, ಯಾರನ್ನು ಕರೆದರು, ಯಾರನ್ನು ಗದರಿದರು ಎಂಬುದಕ್ಕೆ ಕಲ್ಪನೆಯನ್ನು ತಿದ್ದಿಕೊಳ್ಳುವುದು. ಸುವಾರ್ತೆಯ ಪಠ್ಯವೇ ಇಲ್ಲಿ ಹಗ್ಗ ಹಿಡಿದಿರಬೇಕು.

ಹಿಂಸೆಯನ್ನು ಅನುಭವಿಸಿದವರು, ಈಚೆಗೆ ಯಾರನ್ನಾದರೂ ಕಳೆದುಕೊಂಡವರು ಕೆಲವು ದೃಶ್ಯಗಳಲ್ಲಿ ತತ್ತರಿಸಿಹೋಗಬಹುದು. ಆಗ ಕಣ್ಣು ತೆರೆಯಿರಿ, ಪಾದಗಳನ್ನು ನೆಲಕ್ಕೆ ಊರಿ, ನಿಲ್ಲಿಸಿ. ಬೇರೆ ವೇದಭಾಗಕ್ಕೆ ಹೋಗುವುದರಲ್ಲಿ ಅಪನಂಬಿಕೆ ಏನೂ ಇಲ್ಲ. ಒಬ್ಬರೇ ಹೊರಲಾಗದಷ್ಟು ಭಾರವಾದರೆ ನಂಬಿಕಸ್ಥ ಗುರುಗಳೊಡನೆಯೋ ಸಭಾಪಾಲಕರೊಡನೆಯೋ ಮಾತಾಡಿ, ಅಗತ್ಯವಿದ್ದರೆ ವೈದ್ಯರ ಸಹಾಯವನ್ನೂ ಪಡೆಯಿರಿ.

ಅದೇ ಭಾಗಕ್ಕೆ ಮತ್ತೆ

ದಿನಕ್ಕೊಂದು ಹೊಸ ವೇದಭಾಗ ಎಂಬ ಹಂಬಲ ಬಿಡಿ. ಒಂದು ಭಾಗಕ್ಕೆ ಕನಿಷ್ಠ ಮೂರು ದಿನ ಕೊಡಿ. ಎರಡನೇ ದಿನ ಇಡೀ ಘಟನೆ ಬೇಕಿಲ್ಲ. ಮೊದಲ ದಿನದ ಪುಟ ಓದಿ, ಎಲ್ಲಿ ಎದೆ ಮಿಡಿಯಿತೋ ಅಲ್ಲಿಗೆ ಮಾತ್ರ ಹೋಗಿ. ಮೂರನೇ ದಿನ ಎಲ್ಲಿ ಒಣಗಿತ್ತೋ, ಎಲ್ಲಿ ತಪ್ಪಿಸಿಕೊಂಡಿರೋ ಅಲ್ಲಿಗೆ. ಹೊಸತು ಸಿಗುವುದು ಬಹುಪಾಲು ಈ ಮೂರನೇ ದಿನ. ಯೋಹಾನನ 21ನೇ ಅಧ್ಯಾಯದಲ್ಲಿ ಇದಕ್ಕೆ ಒಳ್ಳೆಯ ಅವಕಾಶವಿದೆ. ದಡದಲ್ಲಿ ಯೇಸು ಹಚ್ಚಿದ ಇದ್ದಲ ಬೆಂಕಿ ಮೊದಲ ದಿನ ಬರೀ ಬೆಂಕಿ. ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ರಾತ್ರಿ, ಯೋಹಾನ 18:18ರಲ್ಲಿ, ಪೇತ್ರ ಚಳಿ ಕಾಯಿಸಿಕೊಳ್ಳುತ್ತ ನಿಂತದ್ದೂ ಇದ್ದಲ ಬೆಂಕಿಯ ಬಳಿಯೇ ಎಂದು ನೆನಪಾದ ಮೇಲೆ, ಅದೇ ಹೊಗೆಯ ವಾಸನೆಯಲ್ಲಿ “ನನ್ನನ್ನು ಪ್ರೀತಿಸುತ್ತೀಯಾ” ಎಂಬ ಪ್ರಶ್ನೆ ಮೂರು ಸಲ ಬರುವುದನ್ನು ಕೇಳಿ ನೋಡಿ.

ಮೂರು ದಿನವೂ ಒಣಗಿಯೇ ಇದ್ದರೆ? ಸಮಯವನ್ನು ಕತ್ತರಿಸಬೇಡಿ. ಅಂಥ ದಿನಗಳಲ್ಲಿ ನಿಗದಿಗಿಂತ ಒಂದೆರಡು ನಿಮಿಷ ಹೆಚ್ಚೇ ಕೂರಬೇಕೆಂಬುದು ಇಗ್ನೇಷಿಯಸರ ಸೂಚನೆ. ಮನಸ್ಸು ಕುಗ್ಗಿರುವಾಗ ಹಿಂದೆ ಶಾಂತಿಯಿಂದ ಮಾಡಿದ ನಿರ್ಧಾರಗಳನ್ನು ಬದಲಿಸಬೇಡಿ ಎಂದೂ ಅವರು ಹೇಳುತ್ತಾರೆ. ನೋಟ್‌ಬುಕ್‌ನಲ್ಲಿ “ಇಂದು ಏನೂ ಇಲ್ಲ, ಆದರೂ ಕೂತಿದ್ದೆ” ಎಂದು ಬರೆದು ಏಳಿ. ನಂಬಿಗಸ್ತಿಕೆಯ ದಾಖಲೆಯೆಂದರೆ ಇಂಥ ಪುಟಗಳೇ.

ವಾರಕ್ಕೊಮ್ಮೆ ಧ್ಯಾನಕ್ಕೆ ಬದಲು ಅರ್ಧ ಗಂಟೆ ಹಳೆಯ ಪುಟಗಳನ್ನು ಓದಿ. ಈಗ ಎಡಪುಟದ ಕೆಲಸ. ಮರುಕಳಿಸುತ್ತಿರುವ ಪದ, ಮತ್ತೆ ಮತ್ತೆ ನಿಲ್ಲುವ ಜಾಗ, ಯಾವಾಗಲೂ ಹೇಳದೆ ಉಳಿಯುವ ಮಾತು, ಇವನ್ನು ಅಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸಿ. ನಾಲ್ಕು ಘಟನೆಗಳಲ್ಲೂ ನೀವು ಗುಂಪಿನ ಹಿಂದೆಯೇ ನಿಂತಿದ್ದರೆ ಅದು ಪ್ರಾರ್ಥನೆಯ ವಿಷಯ. ಬಲಪುಟವನ್ನು ತಿದ್ದಬೇಡಿ, ಅಂದು ಅನಿಸಿದ್ದು ಅಂದಿನದೇ ಆಗಿರಲಿ.

ಯಾವುದೋ ಒಂದು ಕರೆ ಹಲವು ವಾರ ಉಳಿದರೆ ಅದನ್ನು ಪರೀಕ್ಷಿಸಿ. ಅದು ಸತ್ಯವೇದದ ಬೋಧನೆಗೆ ಒಪ್ಪುತ್ತದೆಯೇ? ಗಲಾತ್ಯ 5:22-23ರಲ್ಲಿ ಹೇಳಿರುವ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿಯಂಥ ಫಲಗಳು ಮನೆಯವರಿಗೂ ಕಾಣುತ್ತಿವೆಯೇ? ಒಂದು ನಿರ್ದಿಷ್ಟ ತಪ್ಪನ್ನು ತೋರಿಸಿ ಮುಂದಿನ ಹೆಜ್ಜೆಯನ್ನೂ ತೋರಿಸುವ ನೋವು ಒಳ್ಳೆಯ ಲಕ್ಷಣ. “ನೀನು ಯಾವುದಕ್ಕೂ ಬಾರದವನು” ಎಂದು ಒಟ್ಟಾಗಿ ತುಳಿಯುವ ಧ್ವನಿಯನ್ನು ನಂಬಬೇಡಿ. ಮದುವೆ, ಉದ್ಯೋಗ, ದೇವಸೇವೆಯ ಕರೆಯಂಥ ನಿರ್ಧಾರಗಳನ್ನು ಒಂದು ಧ್ಯಾನದ ಬಲದ ಮೇಲೆ ಎಂದೂ ಮಾಡಬೇಡಿ. ತಿಂಗಳಿಗೊಮ್ಮೆ ಆತ್ಮಿಕ ಮಾರ್ಗದರ್ಶಕರನ್ನು ಕಾಣುವುದಾದರೆ ಇಡೀ ನೋಟ್‌ಬುಕ್ ಒಯ್ಯಬೇಕಿಲ್ಲ. ಎಡಪುಟಗಳಿಂದ ಆರಿಸಿದ ಮೂರು ನಾಲ್ಕು ಸಾಲುಗಳು ಮತ್ತು ಉತ್ತರ ಸಿಗದ ಒಂದು ಪ್ರಶ್ನೆ ಇದ್ದರೆ ಆ ಭೇಟಿಗೆ ಸಾಕು.